ಹೂಲಿಯ ಏರಿನಲ್ಲಿ ನಿಂತ ಸೈಕಲ್ಲು

ಮೂರು ಗಡಿಯಾರಗಳನ್ನು ಒಂದೇ ವೇಳೆಗೆ ತರುವುದು ಎಂಥ ತಲೆನೋವಿನ ಕೆಲಸ ಎಂಬುದು ನನಗೆ ಗೊತ್ತಾದದ್ದು ಬೈಲಹೊಂಗಲದ ತಾರ್ ಆಫೀಸಿನ ಕಟ್ಟೆಯ ಮೇಲೆ. ದಿನಾ ಸಂಜೆ ಅಲ್ಲಿಗೆ ತಂತಿಯಲ್ಲಿ ವೇಳೆಯ ಸಂಕೇತ ಬರುತ್ತಿತ್ತು. ತಾರ್ ಮಾಸ್ತರರು ಒಂದು ಕೈ ಮೇಲೆತ್ತಿ ಕಿವಿಗೊಟ್ಟು ಕೂತಿರುವರು. ಆ ಕೈ ಮೇಜಿಗೆ ಬಿದ್ದ ಗಳಿಗೆಗೆ ಮೂರೂ ಗಡಿಯಾರಗಳ ಕೀಲಿ ಒತ್ತಬೇಕು. ನನಗಿರುವುದು ಎರಡೇ ಕೈ. ಮೂರನೆಯದನ್ನು ಹಿಡಿದು ನಿಂತಿದ್ದ ಓಟದ ಲಾರಿಯ ಡ್ರೈವರ ನಶ್ಯದ ಮನುಷ್ಯ. ಮಾಸ್ತರರ ಕೈ ಬೀಳುವುದಕ್ಕೂ ಅವನು ಸೀನುವುದಕ್ಕೂ ಸರಿಹೋಯಿತು. ಆ ಸೀನಿನಷ್ಟು ವ್ಯತ್ಯಾಸ ಸರಿಪಡಿಸಲು ಮರುದಿನ ಸಂಜೆಯವರೆಗೆ ಕಾಯಬೇಕಾಯಿತು.

ನಾನು ಆಗ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮನೆತನದಲ್ಲಿ ಅಜ್ಜನೂ ಅಪ್ಪನೂ ಪಂಚಾಂಗ ನೋಡಿ ಮದುವೆ ಮುಂಜಿವೆಗೆ ವೇಳೆ ತೆಗೆದುಕೊಟ್ಟವರು. ನಾನು ಸೀಟಿ ಊದುವ ಕೆಲಸ ಹಿಡಿದದ್ದೇ ಅಪ್ಪನಿಗೆ ಸಮಾಧಾನವಿರಲಿಲ್ಲ. ಈಗ ಸೈಕಲ್ ಓಟದ ವೇಳೆಗಾರನಾದೆ ಎಂದು ತಿಳಿದಾಗ, "ನಮ್ಮ ಮಂದಿ ಗ್ರಹದ ಚಲನಾ ಎಣಿಸಿದ್ರು, ನೀ ಗಾಲಿದು ಎಣಸು" ಎಂದು ಹೇಳಿ ಸಂಧ್ಯಾವಂದನೆಗೆ ಹೋದರು. ಚುಚ್ಚಿ ಆಡಿದ ಮಾತೋ ಒಪ್ಪಿಗೆಯೋ ಇಂದಿಗೂ ತಿಳಿದಿಲ್ಲ.

ಈ ಓಟ ಹುಟ್ಟಿದ್ದೇ ಜಗಳದಿಂದ. ಬೈಲಹೊಂಗಲದ ಸಾವಕಾರರು ಅರಳೆ ವ್ಯಾಪಾರದ ಜೊತೆಗೆ ಸೈಕಲ್ ಅಂಗಡಿ ಇಟ್ಟಿದ್ದರು. ಅವರು ಮಾರುವ ಸೈಕಲ್ಲು ಎರೆಹೊಲದ ದಾರಿಯಲ್ಲಿ ಒಂದು ಸುಗ್ಗಿಯೂ ಬಾಳುವುದಿಲ್ಲ ಎಂದು ಕಿತ್ತೂರಿನ ಸೈಕಲ್ ಅಂಗಡಿಯ ಧಣಿ ಸಂತೆಯಲ್ಲಿ ಆಡಿದರಂತೆ. ಮಾತಿಗೆ ಮಾತು ಬೆಳೆದು, ಬಾಳುತ್ತದೋ ಇಲ್ಲವೋ ಓಡಿಸಿಯೇ ನೋಡೋಣ ಎಂದು ಮೊದಲ ವರ್ಷ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಓಟ ನಡೆಯಿತು. ಎರಡನೆಯ ವರ್ಷ ಸವದತ್ತಿಯ ಅಂಗಡಿಯವರು, ನಾವೇನು ಪಾಪ ಮಾಡೀವಿ ಎಂದು ಬಂದು ಸೇರಿದರು. ಮೂರನೆಯ ವರ್ಷ ರಾಮದುರ್ಗದವರು. ಸಂಸ್ಥಾನ ವಿಲೀನವಾಗಿ ಕೆಲವೇ ವರ್ಷವಾಗಿತ್ತು. ಅರಮನೆಯ ಗೌಜು ನಿಂತ ಊರಿನಲ್ಲಿ ಏನಾದರೂ ಒಂದು ಸಂಭ್ರಮ ಅವರಿಗೂ ಬೇಕಿತ್ತು. ಹೀಗೆ ಊರು ಸೇರಿದಂತೆ ದಾರಿ ಬೆಳೆದು, ಮೂರು ದಿನ ಮೂರು ಮಜಲಿನ ಓಟವಾಯಿತು. ಸವಾರರು ಹವ್ಯಾಸಿಗಳಲ್ಲ. ಪ್ರತಿ ಅಂಗಡಿಯೂ ಇಬ್ಬರನ್ನು ಸುಗ್ಗಿಯ ಕಾಲಕ್ಕೆ ಪಗಾರ ಕೊಟ್ಟು ಇಟ್ಟುಕೊಳ್ಳುತ್ತಿತ್ತು.

ನಿಯಮ ಬರೆದವನು ನಾನು. ಮೂರೂ ಮಜಲಿನ ವೇಳೆ ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಗೆದ್ದವನು. ಪಂಕ್ಚರ್ ಆದರೆ ಸವಾರನೇ ತಿದ್ದಿಕೊಳ್ಳಬೇಕು, ಅವನ ಸೈಕಲ್ಲಿಗೆ ಬೇರೆ ಕೈ ತಾಗಕೂಡದು. ಮುಳ್ಳು, ಗಾಳಿ, ಚಕ್ಕಡಿ, ಎಮ್ಮೆ, ದಾರಿಯಲ್ಲಿ ಬಂದದ್ದೆಲ್ಲ ಸವಾರನ ಪಾಲಿಗೆ. ಆ ಕೊನೆಯ ಸಾಲು ಬರೆದಾಗ ಎಲ್ಲವೂ ಅದರಲ್ಲಿ ಅಡಗಿತು ಎಂದು ನನಗೆ ಬಹಳ ಸಮಾಧಾನವಾಗಿತ್ತು.

ಮೂರನೆಯ ವರ್ಷ ಓಟಕ್ಕೆ ಬೇರೆಯೇ ತೂಕ ಬಂತು. ಬೆಳಗಾವಿಯ ದೊಡ್ಡ ಅಂಗಡಿಯೊಂದು, ಗೆದ್ದವನನ್ನು ವರ್ಷವಿಡೀ ಕೆಲಸಕ್ಕೆ ಇಟ್ಟುಕೊಂಡು ಪುಣೆ, ಮುಂಬಯಿ ಕಡೆಯ ಓಟಗಳಿಗೆ ಕಳಿಸುತ್ತೇವೆ ಎಂದು ಹೇಳಿ ಕಳಿಸಿತು. ಒಬ್ಬನೇ ಒಬ್ಬ. ಎಂಟು ಸವಾರರಲ್ಲಿ ಆ ಕೆಲಸಕ್ಕೆ ನಿಜವಾಗಿ ಹತ್ತಿರ ಇದ್ದವರು ಇಬ್ಬರು. ಒಬ್ಬ ರಾಮದುರ್ಗದ ನೇಕಾರ. ಇಪ್ಪತ್ತರ ಆಚೀಚೆ, ಮೈಯಲ್ಲಿ ಮಾಂಸವೇ ಇಲ್ಲ, ಇದ್ದದ್ದೆಲ್ಲ ನರ. ಮಗ್ಗದ ಗುಂಡಿಯಲ್ಲಿ ಕಾಲುಮಣೆ ತುಳಿದು ತುಳಿದು ಅವನ ಮೊಣಕಾಲಿಗೆ ದಣಿವೆಂಬುದೇ ಮರೆತುಹೋಗಿತ್ತು. ಇನ್ನೊಬ್ಬ ಕಿತ್ತೂರಿನ ಸವಾರ, ಅಂಗಡಿಯಲ್ಲಿ ರಿಪೇರಿ ಮಾಡುತ್ತ ಬೆಳೆದವನು, ಮೂವತ್ತು ದಾಟಿದವನು. ಮೊದಲೆರಡು ವರ್ಷವೂ ಎರಡನೆಯವನಾಗಿ ಬಂದಿದ್ದ. ಈ ಸಲ ತಪ್ಪಿದರೆ ಬೆಳಗಾವಿಯಿಂದ ಮತ್ತೆ ಯಾರೂ ಕರೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲ ಮಜಲು ಕಿತ್ತೂರಿನ ಕೋಟೆಯ ಮುಂದಿನಿಂದ ಬೈಲಹೊಂಗಲಕ್ಕೆ. ಒಂದು ಗಡಿಯಾರ ನನ್ನೊಡನೆ ಹಿಂದಿನ ಲಾರಿಯಲ್ಲಿ, ಒಂದು ಮುಟ್ಟುವ ಊರಿನಲ್ಲಿ, ಮೂರನೆಯದು ಎರಡಕ್ಕೂ ಸಾಕ್ಷಿಯಾಗಿ ಸಾವಕಾರರ ಕಿಸೆಯಲ್ಲಿ. ಅದು ಕುಸುಬಿ ಕೊಯ್ಲಿನ ಕಾಲ. ಚಕ್ಕಡಿಯಿಂದ ಉದುರಿದ ಕುಸುಬಿಯ ಮುಳ್ಳು ದಾರಿಯುದ್ದಕ್ಕೂ ಬಿದ್ದಿತ್ತು. ಜಾಲಿಮುಳ್ಳಾದರೆ ಕಣ್ಣಿಗೆ ಕಾಣುತ್ತದೆ. ಇದು ಟೈರಿನಲ್ಲಿ ಮುರಿದು ಕೂತು, ಹೊಸ ತೇಪೆಯನ್ನೂ ಒಳಗಿಂದಲೇ ಚುಚ್ಚುತ್ತದೆ. ನೇಕಾರನ ಹಿಂದಿನ ಗಾಲಿ ಎರಡು ಸಲ ಕೂತಿತು. ಎರಡನೆಯ ಸಲ ಟೈರಿನ ಅಂಚೇ ಹರಿದಿತ್ತು. ಅವನು ಅಂಗಿಯ ಕಿಸೆಯಿಂದ ಮೇಣ ಹಚ್ಚಿದ ನೂಲು ತೆಗೆದು, ಹರಿದಲ್ಲಿ ಗಾಲಿಯ ಸಮೇತ ಬಿಗಿದು ಸುತ್ತಿ, ಹಲ್ಲಿನಿಂದ ಕಚ್ಚಿ ಗಂಟು ಹಾಕಿದ. ಅಲ್ಲಿಂದ ಊರು ಮುಟ್ಟುವವರೆಗೆ ಆ ಗಾಲಿ ಒಂದೊಂದು ಸುತ್ತಿಗೂ ಒಮ್ಮೆ ಕುಂಟುತ್ತಿತ್ತು. ಕಿತ್ತೂರಿನವನು ಮೊದಲು ಬಂದ.

ಎರಡನೆಯ ದಿನ ಬೈಲಹೊಂಗಲದಿಂದ ಸವದತ್ತಿಗೆ. ಮಲಪ್ರಭೆಯಲ್ಲಿ ಆಗ ನೀರು ಕಡಿಮೆ, ಮರಳು ಹೆಚ್ಚು. ನಮ್ಮ ದಾರಿಯಲ್ಲಿ ಸೈಕಲ್ ಹೊತ್ತು ದಾಟುವುದೊಂದೇ ಉಪಾಯ. ಕಿತ್ತೂರಿನವನು ಮರಳಿನಲ್ಲಿ ದೂಡಲು ನೋಡಿ ಚೈನಿಗೆಲ್ಲ ಮರಳು ತುಂಬಿಸಿಕೊಂಡ. ನೇಕಾರ ನೂಲಿನ ಗಂಟು ಹೊರುವವನ ಹಾಗೆ ಸೈಕಲ್ಲನ್ನು ಹೆಗಲಿಗೇರಿಸಿ, ಆಚೆ ದಡದಲ್ಲಿ ಇಳಿಸಿ ಹತ್ತಿಯೇಬಿಟ್ಟ. ಸವದತ್ತಿಯಲ್ಲಿ ಕೂಡಿಸಿ ನೋಡಿದಾಗ ಇಬ್ಬರ ವೇಳೆಯೂ ಹೆಚ್ಚುಕಡಿಮೆ ಸಮ. ಕಿತ್ತೂರಿನವನು ಒಂದು ಉಸಿರಿನಷ್ಟು ಮುಂದೆ. ಆ ಸಂಜೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚೈನಿಗೆ ಎಣ್ಣೆ ಬಿಟ್ಟುಕೊಂಡರು. ಕಿತ್ತೂರಿನವನು ತನ್ನ ಎಣ್ಣೆಯ ಬುಡ್ಡಿಯನ್ನು ನೇಕಾರನ ಕಡೆಗೆ ಸರಿಸಿದ.

ಮೂರನೆಯ ಮಜಲಿನಲ್ಲಿ ಸವದತ್ತಿ ಬಿಟ್ಟು ಹೂಲಿಯ ಏರು ಹತ್ತಿ ರಾಮದುರ್ಗಕ್ಕೆ ಇಳಿಯಬೇಕು. ಹಿಂದಿನ ವಾರ ನಾನು ಹೂಲಿಗೆ ಹೋಗಿ ಗೌಡರಿಗೆ ಎಲ್ಲ ಹೇಳಿ ಬಂದಿದ್ದೆ. ದನ ಅಡ್ಡ ಬಿಡಬೇಡಿ, ಚಕ್ಕಡಿ ಬದಿಗೆ ನಿಲ್ಲಿಸಿ, ಮೊದಲು ಬಂದವನಿಗೇ ಮಾನ. ಗೌಡರು ತಲೆದೂಗಿ ಕೇಳಿದರು. ಆ ಊರಿಗೆ ಸೈಕಲ್ ಓಟ ಬರುವುದು ಅದೇ ಮೊದಲು.

ಬೆಳಿಗ್ಗೆ ಸವಾರರು ಹೊರಟರು. ಹಿಂದೆ ನಮ್ಮ ಲಾರಿ. ಏರಿನ ಅರ್ಧಕ್ಕೆ ಲಾರಿಯ ನೀರು ಕುದಿದು ಮುಚ್ಚಳ ಹಾರಿತು. ತಣಿಸಿ, ನೀರು ಹಾಕಿ ಹೂಲಿ ಮುಟ್ಟುವಷ್ಟರಲ್ಲಿ ನಾನು ಕಂಡದ್ದು ಇದು: ನೇಕಾರ ಊರ ಮುಂದಿನ ಬೇವಿನ ಮರದಡಿ ಕಂಬಳಿಯಿಂದ ಏಳುತ್ತಿದ್ದಾನೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಕ್ಯಾರಿಯರಿಗೆ ಯಾರೋ ತೆಂಗಿನಕಾಯಿ ಕಟ್ಟುತ್ತಿದ್ದಾರೆ. ಎದುರಿಗೆ ಗೌಡರ ತಾಯಿ ಆರತಿಯ ತಟ್ಟೆ ಹಿಡಿದು ನಿಂತಿದ್ದಾರೆ. ಅವನು ಅವರ ಕಾಲಿಗೆ ಬಿದ್ದು ಎದ್ದವನೇ ಸೈಕಲ್ ಹತ್ತಿದ.

"ಇದೇನು ಗೌಡ್ರ?" ಎಂದೆ.

"ಮೊದಲ ಬಂದವ್ಗ ಮಾನ ಮಾಡ್ರಿ ಅಂತ ನೀವs ಹೇಳಿದ್ರೆಲ್ರಿ, ಮಾಸ್ತರ. ಮಾಡಿದಿವಿ" ಎಂದರು ಗೌಡರು. "ಎರಡನೇದವ ಹಾದು ಹ್ವಾದ. ಅವ್ಗ ನಾವು ತರಬಲಿಲ್ಲ."

ನಾನು ಹೇಳಿದ ಮಾನ ರಾಮದುರ್ಗದಲ್ಲಿ ಕೊಡುವ ಮಾನ. ಆ ಊರಿನ ರೂಢಿಯಲ್ಲಿ ಮಾನ ಎಂದರೆ ಒಂದೇ: ದೂರದಿಂದ ಬೆವರಿ ಬಂದವನನ್ನು ಕೂರಿಸಿ, ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ಕೊಟ್ಟು, ಆರತಿ ಎತ್ತಿ ಕಳಿಸುವುದು. ಅದನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಏರನ್ನು ಎಲ್ಲರಿಗಿಂತ ಮುಂಚೆ ಹತ್ತಿದ ಸವಾರನೊಬ್ಬನನ್ನೇ ನಿಲ್ಲಿಸಿ, ಉಳಿದವರಿಗೆಲ್ಲ ದಾರಿ ಬಿಟ್ಟಿದ್ದರು. ನನಗೆ ನಗು ಬಂತು. ಆಮೇಲೆ ನೇಕಾರನ ಬೆನ್ನು ಇಳಿಜಾರಿನಲ್ಲಿ ಮರೆಯಾಗುವುದನ್ನು ನೋಡಿ ಆ ನಗು ನಿಂತಿತು.

ರಾಮದುರ್ಗದಲ್ಲಿ ಕಿತ್ತೂರಿನವನು ಮೊದಲು ಮುಟ್ಟಿದ. ನೇಕಾರ ಬಂದದ್ದು ಐದು ನಿಮಿಷದ ಮೇಲೆ, ಕೊರಳಿನ ಮಾಲೆ ಹಾಗೇ ಇತ್ತು. ಅವನ ಊರಿನವರು ಮಾಲೆ ನೋಡಿ ಗೆದ್ದನೆಂದೇ ತಿಳಿದು ಹಲಗೆ ಬಾರಿಸಿದರು. ಅವನು ತಲೆ ಎತ್ತಲಿಲ್ಲ.

ಮಧ್ಯಾಹ್ನ ರಾಮದುರ್ಗದ ಅಂಗಡಿಯಲ್ಲಿ ನಾಲ್ಕೂ ಊರಿನ ಅಂಗಡಿಯವರು ಕೂಡಿದರು. ಕಿತ್ತೂರಿನ ಧಣಿ ನನ್ನ ನಿಯಮವನ್ನೇ ನನ್ನ ಮುಂದಿಟ್ಟರು.

"ದಾರ್ಯಾಗ ಬಂದದ್ದೆಲ್ಲಾ ಸವಾರನ ಪಾಲಿಗಿ ಅಂತ ಬರದವ್ರು ನೀವs. ಎಮ್ಮಿ ಬಂದ್ರೂ ಅಷ್ಟs, ಮುದುಕಿ ಬಂದ್ರೂ ಅಷ್ಟs."

"ಎಮ್ಮಿಗೆ ನಾವು ಹೋಗಿ ಹೇಳಿ ಬಂದಿದ್ದಿಲ್ಲರಿ" ಎಂದೆ. "ಊರವ್ರಿಗೆ ಹೇಳಿದ್ದು ನಾವು. ಅವರು ಹಿಡದದ್ದು ದಾರಿ ತೊಂದರಿ ಹ್ಯಾಂಗ ಆಗ್ತದ?"

ನೇಕಾರನನ್ನು ಕರೆಸಿ ಕೇಳಿದೆವು. ಎಷ್ಟು ಹೊತ್ತು ಕೂತಿದ್ದೆ ಎಂದರೆ, "ಹಾಡು ಮುಗಿಯೂ ತನಕರಿ" ಎಂದ. ಯಾಕೆ ನಿಂತೆ ಎಂದರೆ ಹೇಳಿದ: "ಅವ್ವಾರು ದೀಪಾ ಹಿಡಕೊಂಡು ದಾರಿ ನಟ್ಟನಡುವ ನಿಂತಿದ್ರು. ಬಾಜೂಕ ಹಾದು ಹೋಗಬಹುದಿತ್ತು. ಗಾಳಿಗೆ ದೀಪ ಆರಿ ಹೋಗತಿತ್ತರಿ."

ಇಷ್ಟಕ್ಕೇ ಯಾರ ಮನಸ್ಸೂ ತಿರುಗಲಿಲ್ಲ. ಬೈಲಹೊಂಗಲದ ಸಾವಕಾರರು ಮೂರನೆಯ ಮಜಲನ್ನೇ ಮತ್ತೆ ಓಡಿಸೋಣ ಎಂದರು. ಎಂಟು ಜನರ ಕಾಲೂ ಸೋತಿತ್ತು, ಇಬ್ಬರ ಸೈಕಲ್ಲು ಓಡುವ ಸ್ಥಿತಿಯಲ್ಲಿರಲಿಲ್ಲ. ಸವದತ್ತಿಯವರು ಬೆಳಗಾವಿಗೇ ಬಿಟ್ಟುಬಿಡೋಣ ಎಂದರು. ಬೆಳಗಾವಿಯವರು ಕಾಣದ ಏರಿನ ನ್ಯಾಯವನ್ನು ಹೇಗೆ ಹೇಳಿಯಾರು? ನನಗೆ ಬೇಕಾದದ್ದು ಒಂದೇ ಒಂದು ಅಳತೆ: ಅವನನ್ನು ಅಲ್ಲಿ ಎಷ್ಟು ಹೊತ್ತು ಹಿಡಿದಿದ್ದರು? ಅದು ಕಿತ್ತೂರಿನವನ ಮುನ್ನಡೆಗಿಂತ ಹೆಚ್ಚೋ ಕಡಿಮೆಯೋ? ಹೂಲಿಯಲ್ಲಿ ಆ ಹೊತ್ತಿಗೆ ಗಡಿಯಾರವಿರಲಿಲ್ಲ.

ಆಗ ನನಗೆ ಅಜ್ಜ ನೆನಪಾದರು. ಗಡಿಯಾರವಿಲ್ಲದ ಕಾಲದಲ್ಲಿ ಅವರು ಸಣ್ಣ ಹೊತ್ತನ್ನು ಶ್ಲೋಕ ಹೇಳಿ ಅಳೆಯುತ್ತಿದ್ದರು. ಇಷ್ಟು ಶ್ಲೋಕ ಮುಗಿಯುವಷ್ಟರಲ್ಲಿ ಹಾಲು ಇಳಿಸು ಎಂದು ಅಜ್ಜಿಗೆ ಹೇಳುತ್ತಿದ್ದದ್ದು ಕಿವಿಯಲ್ಲಿತ್ತು. ಹೂಲಿಯ ಆರತಿಯ ಹಾಡೂ ಅಂಥದೇ ಅಲ್ಲವೇ? ಅದೇ ಹಾಡು, ಗೌಡರ ಮನೆಯ ಅದೇ ಅಜ್ಜಿ, ಅದೇ ಬೆಲ್ಲ ನೀರು. ಮಾಡಿದ್ದನ್ನು ಮತ್ತೊಮ್ಮೆ ಮಾಡಿಸಿ ಗಡಿಯಾರ ಹಿಡಿದರೆ ಹೇಗೆ ಎಂದೆ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ಕಿತ್ತೂರಿನ ಧಣಿ ಮಾತ್ರ ನಗಲಿಲ್ಲ, ಬಹಳ ಬುದ್ಧಿವಂತ ಮನುಷ್ಯ.

"ಆತು. ಆದ್ರ ಕುಂಡ್ರಾಂವ ನಮ್ಮ ಹುಡುಗ" ಎಂದರು. "ಹಿಡದಿದ್ರು ಅಂತೀರಿ ನೀವು. ಬೇಕಂದ್ರ ನೀರು ಕುಡದು ಎದ್ದು ಬರಬಹುದಿತ್ತು ಅಂತೀನಿ ನಾ. ನಮ್ಮಾಂವ ಎದ್ದು ತೋರಸ್ತಾನ. ಅಂವ ಎದ್ದ ಗಳಿಗಿಗೆ ಗಡಿಯಾರ ನಿಲ್ಲಬೇಕು. ಅಷ್ಟs ಹೊತ್ತು ನೇಕಾರನ ಲೆಕ್ಕದಾಗ ಕಳೀರಿ."

ಕಿತ್ತೂರಿನವನು ಒಂದು ತಂಬಿಗೆ ನೀರು ಗಟಗಟ ಕುಡಿದು ಎದ್ದರೆ ಆ ಕೆಲಸ ಅವನದು. ಹಾಡಿನ ಕೊನೆಯವರೆಗೆ ಕೂತರೆ ಬಹುಶಃ ನೇಕಾರನದು. ಷರತ್ತು ಅವನ ಕೈಗೇ ಲಗಾಮು ಕೊಟ್ಟಂತೆ ಇತ್ತು. ಆದರೂ ಧಣಿಯ ಪ್ರಶ್ನೆಯಲ್ಲಿ ಹುರುಳಿತ್ತು. ಕೂತವನು ಏಳಬಹುದಿತ್ತೋ ಇಲ್ಲವೋ ಎಂಬುದೇ ಅಲ್ಲಿ ನಿಜವಾದ ಪ್ರಶ್ನೆ. ನಾನು ಒಪ್ಪಿದೆ. ಒಪ್ಪಿದ ಮೇಲೆ ರಾತ್ರಿ ಊಟ ರುಚಿಸಲಿಲ್ಲ. ನೇಕಾರನನ್ನು ಬಾ ಎಂದರೆ, "ನಾ ಬರೂದಿಲ್ರಿ. ನಾ ಎದುರಿಗಿ ನಿಂತ್ರ ಆ ಅಣ್ಣಾಗ ಸಂಕೋಚ ಆಗತೈತಿ" ಎಂದು ಮಗ್ಗಕ್ಕೆ ಹೋದ.

ಮರುದಿನ ಬೆಳಿಗ್ಗೆ ಲಾರಿಯಲ್ಲಿ ಹೂಲಿಗೆ ಹೋದೆವು. ಗೌಡರ ತಾಯಿಗೆ ವಿಷಯ ತಿಳಿಸಿದೆ. ಗೆಲುವು ಸೋಲಿನ ಮಾತು ಎತ್ತಲಿಲ್ಲ. ಮೊನ್ನೆ ಮಾಡಿದ್ದನ್ನು ಹಾಗೇ ಒಮ್ಮೆ ಮಾಡಿ ತೋರಿಸಿ ಎಂದಷ್ಟೇ ಕೇಳಿದೆ. ಮೊನ್ನೆ ಎಂದದ್ದು ನನ್ನ ಗಾಬರಿ, ನಡೆದದ್ದು ನಿನ್ನೆ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಮಾಡಿ ತೋರಸಾಕ ಇದೇನು ಬಯಲಾಟ ಏನಪಾ? ಗಡಿಯಾರಕ್ಕ ಯಾರರೆ ಆರತಿ ಮಾಡತಾರ? ಬಂದವ್ಗ ಮಾಡತೇನಿ. ಹುಡುಗ ಏರು ತುಳಕೊಂತ ಬೆವತು ಬರಲಿ."

ವಾದ ಮಾಡುವಂತಿರಲಿಲ್ಲ. ಲಾರಿ ಹಿಂತಿರುಗಿ ಕಿತ್ತೂರಿನವನನ್ನೂ ಅವನ ಸೈಕಲ್ಲನ್ನೂ ಏರಿನ ಬುಡದಲ್ಲಿ ಇಳಿಸಿ ಬಂತು. ಧಣಿ, ಸಾವಕಾರರು, ಗೌಡರು ಬೇವಿನ ಮರದಡಿ ನಿಂತರು. ನಾನು ಎರಡು ಗಡಿಯಾರ ಹಿಡಿದು ಪಕ್ಕಕ್ಕೆ ನಿಂತೆ. ಕೊಂಚ ಹೊತ್ತಿಗೆ ತಿರುವಿನಲ್ಲಿ ಅವನು ಕಂಡ. ಹಿಂದಿನ ದಿನದ ದಣಿವು ಕಾಲಿನಲ್ಲಿ ಹಾಗೇ ಇತ್ತು, ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಿದ್ದ. ದೀಪ ದಾರಿಗೆ ಅಡ್ಡ ಬಂತು. ಅವನು ಬ್ರೇಕು ಹಾಕಿ ಇಳಿದ. ನಾನು ಕೀಲಿ ಒತ್ತಿದೆ.

ಕಂಬಳಿಯ ಮೇಲೆ ಕೂರಿಸಿದರು. ಗೌಡರ ಸೊಸೆ ಕಾಲಿಗೆ ನೀರು ಹಾಕಿದರು. ಬೆಲ್ಲದ ಚೂರು, ತಂಬಿಗೆ ನೀರು ಬಂತು. ಅವನು ತಂಬಿಗೆಯನ್ನು ಒಂದೇ ಗುಟುಕಿಗೆ ಎತ್ತಿದ. ಧಣಿಯ ಮುಖ ಅರಳಿತು. ತಂಬಿಗೆ ಕೆಳಗಿಟ್ಟು ಒಂದು ಕೈ ನೆಲಕ್ಕೂರಿದ, ಏಳುವವನಂತೆ.

ಅಜ್ಜಿ ವಿಭೂತಿ ಹಚ್ಚಲು ಬಗ್ಗಿದರು. ಅವನ ಮುಖ ಹತ್ತಿರದಿಂದ ನೋಡಿ ಹಾಗೇ ನಿಂತರು.

"ನೀ ನಿನ್ನಿ ಇಲ್ಲೇ ಹಾದು ಹ್ವಾದಾಂವ ಅಲ್ಲೇನೋ, ತಮ್ಮಾ?"

"ಹೌದ್ರಿ ಯವ್ವಾ."

"ಒಂದು ಹನಿ ನೀರು ಕೊಡಲಿಲ್ಲಲ್ಲೋ ನಿನಗ. ಮೊದಲ ಬಂದಾವನ್ನ ನೋಡಕೋತ ನಿಂತಬಿಟ್ಟಿವಿ. ಬಿಸಲಾಗ ಹಂಗs ಹ್ವಾದಿ. ರಾತ್ರಿ ಮಲಗಿದ್ರೂ ಅದs ನೆನಪು. ಸಿಟ್ಟ ಮಾಡಬ್ಯಾಡಪಾ."

ಅವನು ಊರಿದ್ದ ಕೈಯನ್ನು ನಿಧಾನವಾಗಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹಿಂದಿನ ಎರಡು ವರ್ಷವೂ ಎರಡನೆಯವನಾಗಿಯೇ ಊರೂರು ಹಾದುಹೋದವನು ಅವನು. ದಾರಿಯ ಬದಿಗೆ ನಿಂತವರೆಲ್ಲ ಅವನಿಗಿಂತ ಮುಂದೆ ಹೋದವನ ಬೆನ್ನನ್ನೇ ನೋಡುತ್ತಿದ್ದರು. ಅದನ್ನು ನಾನೂ ಲಾರಿಯ ಮೇಲಿನಿಂದ ಎಷ್ಟೋ ಸಲ ನೋಡಿದ್ದೆ, ಏನೂ ಅನಿಸಿರಲಿಲ್ಲ.

ಮಾಲೆ ಹಾಕಿದರು. ಹಾಡು ಶುರುವಾಯಿತು. ಐದು ನುಡಿಯ ಹಾಡು. ಅಜ್ಜಿಯ ದನಿ ನಡುಗುತ್ತಿತ್ತು, ಸೊಸೆಯಂದಿರು ಜೊತೆಗೂಡಿದರು. ಎರಡನೆಯ ನುಡಿಗೆ ಧಣಿ ಕೆಮ್ಮಿದರು. ಮೂರನೆಯದಕ್ಕೆ ಮತ್ತೊಮ್ಮೆ, ಜೋರಾಗಿ. ಕಿತ್ತೂರಿನವನು ನನ್ನ ಕಡೆ ತಿರುಗಿದ. ಗಡಿಯಾರ ಅವನಿಗೆ ಕಾಣುವಂತೆಯೇ ಹಿಡಿದಿದ್ದೆ, ಮುಚ್ಚಿಡುವುದು ನ್ಯಾಯವಲ್ಲ. ಮುಳ್ಳು ಅವನ ಮುನ್ನಡೆಯ ಗೆರೆಯನ್ನು ಇನ್ನೂ ದಾಟಿರಲಿಲ್ಲ. ಏಳಲು ಹೊತ್ತಿತ್ತು. ಏಳು ಎಂದು ನನ್ನ ಮನಸ್ಸೇ ಒಮ್ಮೆ ಹೇಳಿತು. ವೇಳೆಗಾರನ ಮನಸ್ಸು ಯಾರ ಕಡೆಗೂ ವಾಲಬಾರದು, ಆದರೂ ಹೇಳಿತು.

ನಾಲ್ಕನೆಯ ನುಡಿಯ ನಡುವೆ ಮುಳ್ಳು ಗೆರೆ ದಾಟಿತು. ಅವನು ನೋಡಿದ. ನೋಡಿ, ಮುಖವನ್ನು ದೀಪದ ಕಡೆಗೆ ತಿರುಗಿಸಿಕೊಂಡು ಕೂತ. ಐದನೆಯ ನುಡಿ ಮುಗಿಯಿತು. ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಎದ್ದ. ನಾನು ಕೀಲಿ ಒತ್ತಿದೆ.

ಧಣಿ ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು: "ಯಾಕೋ, ಏಳಬಾರದಿತ್ತ?"

"ಇಲ್ಲೆ ಏಳಾಕ ಆಗೂದಿಲ್ರಿ, ಧಣೀ" ಎಂದ. "ಆ ನೇಕಾರನ ಮಾತು ಖರೇ ಐತಿ. ನಾ ಕುಂತು ನೋಡೇನಿ."

ಅಷ್ಟು ಹೇಳಿ, ಕ್ಯಾರಿಯರಿಗೆ ಕಟ್ಟಿದ ತೆಂಗಿನಕಾಯಿ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಲಾರಿ ಹತ್ತು ಎಂದರೂ ಹತ್ತಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ನಿಧಾನವಾಗಿ ಇಳಿದು ಹೋದ. ನನಗೆ ಕಣ್ಣು ತುಂಬಿ ಬಂತು. ಸಾವಕಾರರು ನೋಡಿಯಾರೆಂದು ಎರಡೂ ಗಡಿಯಾರಗಳನ್ನು ಹೋಲಿಸಿ ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ. ಎರಡೂ ಒಂದೇ ವೇಳೆ ತೋರಿಸುತ್ತಿದ್ದವು.

ನೇಕಾರ ಬೆಳಗಾವಿಗೆ ಹೋದ. ಹೋಗುವ ಮುಂಚೆ ಕಿತ್ತೂರಿಗೆ ಹೋಗಿ ಬಂದನಂತೆ. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ನಾನು ನಿಯಮದಲ್ಲಿ ಒಂದು ಸಾಲು ಸೇರಿಸಿದೆ: ಹೂಲಿಯಲ್ಲಿ ಎಲ್ಲ ಸವಾರರೂ ಇಳಿಯತಕ್ಕದ್ದು, ಹಾಡು ಮುಗಿಯುವವರೆಗೆ ಅವರ ವೇಳೆ ನಿಲ್ಲತಕ್ಕದ್ದು. ಆಮೇಲೆ ಓಟ ನಡೆದ ಅಷ್ಟೂ ವರ್ಷ ಆ ಸಾಲಿಗೆ ಯಾರೂ ತಕರಾರು ತೆಗೆಯಲಿಲ್ಲ, ಕಿತ್ತೂರಿನ ಧಣಿ ಕೂಡ.

ಮುಂದಿನ ಸುಗ್ಗಿಗೆ ತಾರ್ ಆಫೀಸಿನ ಕಟ್ಟೆಯ ಮೇಲೆ ಮತ್ತೆ ಮೂರು ಗಡಿಯಾರ, ಎರಡು ಕೈ. ಡ್ರೈವರನನ್ನು ಕರೆಯುವ ಧೈರ್ಯವಿರಲಿಲ್ಲ. ಕಿತ್ತೂರಿನವನಿಗೆ ಹೇಳಿ ಕಳಿಸಿದ್ದೆ. ಅವನು ಆ ವರ್ಷ ಓಟಕ್ಕೆ ಹೆಸರು ಕೊಟ್ಟಿರಲಿಲ್ಲ. ಸೈಕಲ್ಲಿನ ಮೇಲೆಯೇ ಬಂದ, ಮೂರನೆಯ ಗಡಿಯಾರ ಹಿಡಿದ, ತಾರ್ ಮಾಸ್ತರರ ಕೈ ಬಿದ್ದ ಗಳಿಗೆಗೆ ಕೀಲಿ ಒತ್ತಿದ. ಮೂರೂ ಕೂಡಿ ಬಂದವು.

"ಇದನ್ನ ಹೂಲಿಗಿ ನಾನs ಒಯ್ಯತೇನ್ರಿ, ಮಾಸ್ತರ" ಎಂದ.

"ನೀನs ಒಯ್ಯಿ" ಎಂದೆ.

ಆ ವರ್ಷ ಸವಾರರು ಏರು ಹತ್ತಿ ಬಂದಾಗ ಬೇವಿನ ಮರದಡಿ ಅವನು ಗಡಿಯಾರ ಹಿಡಿದು ನಿಂತಿದ್ದ. ಕಂಬಳಿಯ ಮೇಲೆ ಎಲ್ಲರಿಗೂ ಜಾಗವಿತ್ತು. ಅಜ್ಜಿ ಮಾತ್ರ ತಂಬಿಗೆ ತಂದವರೇ ಸವಾರರನ್ನೆಲ್ಲ ದಾಟಿ, ಮೊದಲು ಅವನ ಕೈಗೆ ಬೆಲ್ಲ ಕೊಟ್ಟರು.